ಹಾಟ್ ರಾಡ್‌ನ ಮುಂದಿನ ಆಕ್ಸಲ್‌ಗೆ ಟಾರ್ಷನ್ ಬಾರ್: ಲೆಕ್ಕ, ವೆಲ್ಡಿಂಗ್, ಜೋಡಣೆ

ಅಂಬಾಸಿಡರ್ ಕಾರಿನ ಮುಂದಿನ ಚಕ್ರಗಳ ಭಾರ ಹೊರುತ್ತಿದ್ದದ್ದು ಕಾಯಿಲ್ ಸ್ಪ್ರಿಂಗೂ ಅಲ್ಲ, ಲೀಫ್ ಸ್ಪ್ರಿಂಗೂ ಅಲ್ಲ. ಉದ್ದನೆಯ ಒಂದು ಉಕ್ಕಿನ ಸಲಾಕೆ. ಬಿಡದಿಯಲ್ಲಿ ತಯಾರಾಗುತ್ತಿದ್ದ ಟೊಯೊಟಾ ಕ್ವಾಲಿಸ್‌ನ ಮುಂಭಾಗದಲ್ಲೂ ಅದೇ. ಸಲಾಕೆಯ ಒಂದು ತುದಿ ಚಾಸಿಗೆ ಬಿಗಿದಿರುತ್ತದೆ, ಇನ್ನೊಂದು ತುದಿಗೆ ಒಂದು ಆರ್ಮ್. ಚಕ್ರ ಮೇಲೆದ್ದರೆ ಆರ್ಮ್ ತಿರುಗಿ ಸಲಾಕೆ ತಿರುಚಿಕೊಳ್ಳುತ್ತದೆ. ಉಕ್ಕು ಮರಳಿ ನೆಟ್ಟಗಾಗಲು ಹವಣಿಸುತ್ತದಲ್ಲ, ಆ ಬಲವೇ ಸ್ಪ್ರಿಂಗ್. ಇದೇ ಟಾರ್ಷನ್ ಬಾರ್.

ಹಾಟ್ ರಾಡ್ ಎಂದರೆ ಹಳೆಯ ಕಾರಿಗೆ ಬಲವಾದ ಎಂಜಿನ್ ಕೂರಿಸಿ ಮಾರ್ಪಡಿಸಿದ ಕಾರು. ಅಮೆರಿಕದ ಹಾಟ್ ರಾಡ್‌ಗಳಲ್ಲಿ ಹೆಚ್ಚಿನವು ಹಳೆಯ ಫೋರ್ಡ್‌ಗಳು. ಮಾಡೆಲ್ ಟಿ, ಮಾಡೆಲ್ ಎ, 1932ರ ಫೋರ್ಡ್ ಮೂರಕ್ಕೂ ಕಂಪನಿಯಿಂದ ಬಂದದ್ದು ಅಡ್ಡಲಾಗಿ ಕೂತ ಒಂದೇ ಲೀಫ್ ಸ್ಪ್ರಿಂಗ್. ಅದನ್ನು ತೆಗೆದು ಟಾರ್ಷನ್ ಬಾರ್ ಹಾಕಿದರೆ ಸಿಗುವ ಲಾಭ ಮೂರು: ಎಡ-ಬಲ ಎತ್ತರವನ್ನು ಬೇರೆ ಬೇರೆಯಾಗಿ ಬೋಲ್ಟ್ ತಿರುಗಿಸಿ ಹೊಂದಿಸಬಹುದು, ಬಿಗಿತ ಬದಲಿಸಬೇಕೆಂದರೆ ಬಾರ್ ಎಳೆದು ಇನ್ನೊಂದು ತೂರಿಸಬಹುದು, ಮತ್ತು ಮುಂಭಾಗ ಖಾಲಿಯಾಗಿ ಅಚ್ಚುಕಟ್ಟಾಗಿ ಕಾಣುತ್ತದೆ. ಈ ಬರಹ ಅಂಥ ಒಂದು ಕಾರಿನ ಬಗ್ಗೆ: ಮುಂದೆ ನೇರ ಆಕ್ಸಲ್, ಬಾಕ್ಸ್ ಮಾಡಿದ (ಉದ್ದನೆಯ ರೈಲ್‌ಗಳ ತೆರೆದ ಬದಿಗೆ ಪ್ಲೇಟ್ ಹಾಕಿ ಪೆಟ್ಟಿಗೆಯಂತೆ ಮುಚ್ಚಿದ) ಚಾಸಿ, ಸಣ್ಣ ವಿ8 ಎಂಜಿನ್. ಭಾರತದಲ್ಲಿದ್ದುಕೊಂಡು ಓದುತ್ತಿರುವವರು ಒಂದು ಮಾತು ನೆನಪಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ರಸ್ತೆಯ ವಾಹನದಲ್ಲಿ ಮಾಡುವಂತಿಲ್ಲ.

ಅಳತೆಗಳನ್ನೆಲ್ಲ ಇಂಚು, ಪೌಂಡ್‌ಗಳಲ್ಲೇ ಕೊಟ್ಟಿದ್ದೇವೆ, ಈ ಸಾಮಾನು ಮಾರಾಟವಾಗುವುದೇ ಆ ಅಳತೆಯಲ್ಲಿ. ಇಡೀ ಕೆಲಸಕ್ಕೆ ಸೂತ್ರ ಒಂದೇ: ಬಾರ್‌ಗೆ ತಿರುಚಿಕೊಳ್ಳುವ ಕೆಲಸ ಬಿಟ್ಟು ಇನ್ನಾವ ಕೆಲಸವನ್ನೂ ಕೊಡಬೇಡಿ. ಅದು ಬಾಗಬಾರದು, ಎಳೆತಕ್ಕೆ ಸಿಗಬಾರದು, ಆಕ್ಸಲ್ ಹಿಡಿದು ನಿಲ್ಲಿಸಬಾರದು. ಕೆಳಗೆ ಬರುವ ಮುಕ್ಕಾಲು ಪಾಲು ಎಚ್ಚರಿಕೆಗಳು ಇದರಿಂದಲೇ ಹುಟ್ಟಿದವು.

ಯಾವ ಬಾರ್ ತರಬೇಕು

ದಾರಿ ಮೂರಿವೆ. ಫೋಕ್ಸ್‌ವ್ಯಾಗನ್ ಬೀಟಲ್‌ನ ಮುಂದಿನ ಬೀಮ್ ಇಡಿಯಾಗಿ ಸಿಗುತ್ತದೆ. ಎರಡು ಟ್ಯೂಬ್, ಒಳಗೆ ತೆಳು ಪಟ್ಟಿಗಳ ಕಟ್ಟು, ಬೋಲ್ಟ್ ಹಾಕಿದರೆ ಮುಗಿಯಿತು. ಆದರೆ ಎಂಜಿನ್ ಹಿಂದಿರುವ ಹಗುರ ಕಾರಿಗೆ ಮಾಡಿದ್ದು ಅದು. ಮುಂದೆ ವಿ8 ಕೂತ ಕಾರಿಗೆ ಅದನ್ನು ನಾವು ಹೇಳುವುದಿಲ್ಲ. ಎರಡನೆಯದು ಕ್ರೈಸ್ಲರ್ 1957ರಿಂದ ತನ್ನ ಕಾರುಗಳಲ್ಲಿ ಹಾಕಿದ, ಚಾಸಿಯ ಉದ್ದಕ್ಕೆ ಮಲಗುವ ಷಟ್ಕೋನ ತುದಿಯ ಬಾರ್. ಅದು ಕೆಳಗಿನ ಕಂಟ್ರೋಲ್ ಆರ್ಮ್‌ನೊಂದಿಗೆ ಕೆಲಸ ಮಾಡುವಂಥದ್ದು, ಹಿಂದೆ ಗಟ್ಟಿ ಕ್ರಾಸ್ ಮೆಂಬರ್ ಬೇಕು, ನೇರ ಆಕ್ಸಲ್ ಬಿಟ್ಟುಕೊಡಬೇಕು. ಮೂರನೆಯದು ಸ್ಪ್ರಿಂಟ್ ಕಾರ್ ರೇಸಿಂಗ್‌ನ ಬಾರ್: ಎರಡು ತುದಿಗೂ ಸ್ಪ್ಲೈನ್ (ಸುತ್ತಲೂ ಕೊರೆದ ಉದ್ದುದ್ದ ಹಲ್ಲುಗಳು), ಮಣ್ಣಿನ ಟ್ರ್ಯಾಕ್‌ನಲ್ಲಿ ನೇರ ಆಕ್ಸಲ್ ಹೊರುವುದಕ್ಕೇ ಹುಟ್ಟಿದ್ದು. 30 ಇಂಚು ಉದ್ದದ್ದು ಸುಲಭವಾಗಿ ಸಿಗುತ್ತದೆ, ದಪ್ಪ 0.025 ಇಂಚಿನ ಮೆಟ್ಟಿಲುಗಳಲ್ಲಿ ಏರುತ್ತದೆ. ನೇರ ಆಕ್ಸಲ್‌ನ ಹಾಟ್ ರಾಡ್‌ಗೆ ಇದೇ ಸರಿ. ಮುಂದೆ ಹೇಳುವುದೆಲ್ಲ ಇದರ ಬಗ್ಗೆ.

ಸೆಕೆಂಡ್ ಹ್ಯಾಂಡ್ ಬಾರ್ ಕೊಳ್ಳುವುದಾದರೆ ಅದನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ಉರುಳಿಸಿ ನೋಡಿ. ಉಗುರು ಎಳೆದಾಗ ತಡೆಯುವಷ್ಟು ಗೀರು, ತುಕ್ಕು ತಿಂದ ಗುಳಿ, ವೈಸ್ ಕಚ್ಚಿದ ಹಲ್ಲಿನ ಗುರುತು, ವೆಲ್ಡಿಂಗ್ ಕಿಡಿ ಸಿಡಿದ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಬಿಟ್ಟುಬಿಡಿ. ತಿರುಚುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಮೇಲ್ಮೈಗೆ. ಒಳತಿರುಳಿಗೆ ಏನೂ ಇಲ್ಲ. ಹಾಗಾಗಿ ಮೇಲ್ಮೈಯ ಒಂದು ಗೀರೇ ಬಿರುಕಿನ ಬೀಜ. ತಯಾರಕರು ಶಾಟ್ ಪೀನಿಂಗ್ ಮಾಡುವುದೂ ಈ ಕಾರಣಕ್ಕೇ. ಮೇಲ್ಮೈಯನ್ನು ಗುಂಡುಗಳಿಂದ ಬಡಿದು ಅದುಮಿಟ್ಟರೆ ಬಿರುಕು ಬಾಯಿ ಬಿಡುವುದಿಲ್ಲ. ದಪ್ಪ ಕಡಿಮೆ ಮಾಡಲೆಂದು ಮನೆಯ ಲೇತ್‌ನಲ್ಲಿ ಬಾರ್ ಉಜ್ಜಿದರೆ ಆ ರಕ್ಷಣೆಯ ಪದರವೇ ಹೋಗುತ್ತದೆ.

ಬಾರ್‌ಗೆ ದಿಕ್ಕೂ ಇದೆ. ಕಾರ್ಖಾನೆಯಲ್ಲಿ ಅದನ್ನು ಮುಂದೆ ಕೆಲಸ ಮಾಡಬೇಕಾದ ದಿಕ್ಕಿಗೇ ಮಿತಿ ಮೀರಿ ಒಮ್ಮೆ ತಿರುಚಿ ಬಿಟ್ಟಿರುತ್ತಾರೆ. ಇದರಿಂದ ಆ ದಿಕ್ಕಿನ ಭಾರಕ್ಕೆ ಅದು ಗಟ್ಟಿಯಾಗುತ್ತದೆ, ಎದುರು ದಿಕ್ಕಿಗೆ ಅಷ್ಟೇ ದುರ್ಬಲವಾಗುತ್ತದೆ. ತುದಿಯಲ್ಲಿ ಎಡ-ಬಲದ ಗುರುತೋ ಬಾಣದ ಗುರುತೋ ಇರುತ್ತದೆ. ಒಮ್ಮೆ ಎಡಕ್ಕೆ ದುಡಿದ ಬಾರ್ ಬಲಕ್ಕೆ ಹೋಗಬಾರದು. ಗುರುತು ಅಳಿದ ಹಳೇ ಬಾರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಲೆಕ್ಕ

ಮೊದಲು ತೂಕ. ಲಾರಿ ತೂಗುವ ಸೇತುವೆಯ ಮೇಲೆ ಮುಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ, ಅರ್ಧ ಟ್ಯಾಂಕ್ ಪೆಟ್ರೋಲ್, ರೇಡಿಯೇಟರ್ ತುಂಬ ನೀರು, ಸೀಟಿನಲ್ಲಿ ಚಾಲಕ. ನಮ್ಮ ಉದಾಹರಣೆಯ ಕಾರಿಗೆ ಮುಂದಿನ ಭಾರ 1,150 ಪೌಂಡ್ ಎಂದಿಟ್ಟುಕೊಳ್ಳಿ. ಇದರಲ್ಲಿ ಆಕ್ಸಲ್, ಸ್ಪಿಂಡಲ್, ಬ್ರೇಕ್, ಚಕ್ರ, ಟೈರ್ ಇವು ಸ್ಪ್ರಿಂಗ್ ಮೇಲೆ ಕೂರುವುದಿಲ್ಲ; ತಕ್ಕಡಿಯಲ್ಲಿಟ್ಟು ತೂಗಿ ಕಳೆಯಿರಿ. ಆರ್ಮ್, ರಾಡ್, ಶಾಕ್‌ಗಳ ಅರ್ಧ ತೂಕವನ್ನೂ ಕಳೆಯಿರಿ. 230 ಪೌಂಡ್ ಕಳೆದರೆ ಉಳಿದದ್ದು 920, ಒಂದು ಬದಿಗೆ 460.

ರಸ್ತೆಯಲ್ಲಿ ಹಿತವಾಗಿ ಓಡಬೇಕಾದರೆ ಮುಂಭಾಗ ಸೆಕೆಂಡಿಗೆ 1.4ರಿಂದ 1.5 ಸಲ ತೂಗುವಂತಿರಬೇಕು. 1.4 ಅಂದರೆ ಸ್ಪ್ರಿಂಗ್ ಕಾರಿನ ಭಾರಕ್ಕೆ ಸುಮಾರು 5 ಇಂಚು ಬಗ್ಗಬೇಕು. 460ನ್ನು 5ರಿಂದ ಭಾಗಿಸಿ: ಇಂಚಿಗೆ 92 ಪೌಂಡ್. ಇದು ಗುರಿ.

ಆರ್ಮ್ ತುದಿಯಲ್ಲಿ ಸಿಗುವ ಬಿಗಿತದ ಸೂತ್ರ ಹೀಗಿದೆ:

ಬಿಗಿತ = 11,29,000 × ವ್ಯಾಸದ 4ನೇ ಘಾತ ÷ (ಬಾರ್‌ನ ತಿರುಚುವ ಉದ್ದ × ಆರ್ಮ್‌ನ ಉದ್ದದ ವರ್ಗ)

ಇಲ್ಲಿ 11,29,000 ಎಂಬುದು ಉಕ್ಕಿನ ಗುಣದಿಂದ ಬಂದ ಸಂಖ್ಯೆ, ಅಳತೆಯೆಲ್ಲ ಇಂಚಿನಲ್ಲಿ. ತಿರುಚುವ ಉದ್ದ ಎಂದರೆ ಸ್ಪ್ಲೈನ್‌ಗಳ ನಡುವಿನ ನುಣುಪು ಭಾಗ ಮಾತ್ರ. 30 ಇಂಚಿನ ಬಾರ್‌ನಲ್ಲಿ ಅದನ್ನು 27 ಎಂದು ಹಿಡಿಯೋಣ, ನಿಮ್ಮದನ್ನು ಅಳೆದುಕೊಳ್ಳಿ. ಆರ್ಮ್‌ನ ಉದ್ದ ಬಾರ್‌ನ ನಡುವಿಂದ ಲಿಂಕ್‌ನ ರಂಧ್ರದ ನಡುವಿಗೆ. ಲಿಂಕ್ ಎಂದರೆ ಆರ್ಮ್‌ನ ತುದಿಯನ್ನು ಆಕ್ಸಲ್‌ಗೆ ಜೋಡಿಸುವ ಗಿಡ್ಡ ಸರಳು.

ಹೊಸಬರು ತಪ್ಪುವುದು ಆರ್ಮ್ ಉದ್ದ ಆರಿಸುವಾಗ. ಆರ್ಮ್ ಚಿಕ್ಕದಿದ್ದರೆ ಬಾರ್‌ಗೆ ಬೀಳುವ ಟಾರ್ಕ್ (ತಿರುಚುವ ಬಲ) ಕಡಿಮೆ, ಬಾರ್ ಸುರಕ್ಷಿತ ಎಂದು ತೋರುತ್ತದೆ. ಆಗುವುದು ಉಲ್ಟಾ. ಅದೇ 92 ಪೌಂಡ್ ಬಿಗಿತಕ್ಕೆ 10 ಇಂಚಿನ ಆರ್ಮ್ ಇಟ್ಟರೆ 0.685 ಇಂಚಿನ ಸಣಕಲು ಬಾರ್ ಬೇಕಾಗುತ್ತದೆ, ಆಕ್ಸಲ್ ಮೂರಿಂಚು ಮೇಲೆದ್ದಾಗ ಅದರ ಮೇಲ್ಮೈಯ ಒತ್ತಡ ಸುಮಾರು 1,17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). 14 ಇಂಚಿನ ಆರ್ಮ್ ಇಟ್ಟರೆ ಬಾರ್ 0.81 ಇಂಚಿಗೆ ದಪ್ಪವಾಗುತ್ತದೆ, ಒತ್ತಡ 99,000ಕ್ಕೆ ಇಳಿಯುತ್ತದೆ. ಉದ್ದ ಆರ್ಮ್ ಬಾರನ್ನು ಕಡಿಮೆ ಕೋನ ತಿರುಗಿಸುತ್ತದೆ, ದಪ್ಪ ಬಾರ್ ಟಾರ್ಕನ್ನು ಹೆಚ್ಚು ಉಕ್ಕಿಗೆ ಹಂಚುತ್ತದೆ. ರಸ್ತೆ ಕಾರಿನಲ್ಲಿ ಪೂರ್ತಿ ಅದುಮಿದಾಗಲೂ ಒಂದು ಲಕ್ಷ ಪಿಎಸ್‌ಐ ದಾಟಬಾರದು ಎಂಬುದು ನಾವು ಇಟ್ಟುಕೊಳ್ಳುವ ಗೆರೆ. ರೇಸಿನವರು ಇದಕ್ಕಿಂತ ಮೇಲೆ ಹೋಗುತ್ತಾರೆ, ಆದರೆ ಅವರು ಬಾರ್‌ಗಳನ್ನು ಲೆಕ್ಕವಿಟ್ಟು ಬದಲಿಸುತ್ತಾರೆ.

ಒತ್ತಡದ ಸೂತ್ರ: 16 × ಟಾರ್ಕ್ ÷ (3.1416 × ವ್ಯಾಸದ ಘನ). ಟಾರ್ಕ್ ಎಂದರೆ ಆರ್ಮ್ ತುದಿಯ ಭಾರ ಗುಣಿಸು ಆರ್ಮ್ ಉದ್ದ.

ಹಾಗಾದರೆ 14 ಇಂಚಿನ ಆರ್ಮ್, 27 ಇಂಚು ತಿರುಚುವ ಉದ್ದ ಇಟ್ಟುಕೊಂಡು ಅಂಗಡಿಯಲ್ಲಿ ಸಿಗುವ ದಪ್ಪಗಳನ್ನು ನೋಡೋಣ. 0.800 ಇಂಚಿನದು ಇಂಚಿಗೆ 87 ಪೌಂಡ್. 0.825 ಇಂಚಿನದು 99. 0.850 ಇಂಚಿನದು 111. 0.900 ಇಂಚಿನದು 140. ಕೊನೆಯದನ್ನೂ ಎರಡನೆಯದನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ದಪ್ಪದಲ್ಲಿ ಶೇ. 9 ಹೆಚ್ಚು ಅಷ್ಟೆ. ಬಿಗಿತ ಮಾತ್ರ ಶೇ. 42 ಹೆಚ್ಚು. ನಾಲ್ಕನೇ ಘಾತದ ಮಹಿಮೆ ಇದು. ಬಾರ್ ಕೊಳ್ಳುವಾಗ ಮೈಕ್ರೋಮೀಟರ್ ಇಲ್ಲದೆ ಹೋಗಬೇಡಿ, ಚೀಟಿಯಲ್ಲಿ ಬರೆದ ಸಂಖ್ಯೆಯನ್ನು ನಂಬಬೇಡಿ.

ನಾವು 0.825 ಆರಿಸುತ್ತೇವೆ. ಕಾರಿನ ಭಾರಕ್ಕೆ 4.66 ಇಂಚು ಬಗ್ಗುತ್ತದೆ, ಸೆಕೆಂಡಿಗೆ ಸುಮಾರು 1.45 ಸಲ ತೂಗುತ್ತದೆ. ಇನ್ನೂ 3 ಇಂಚು ಅದುಮಿದಾಗ ಟಾರ್ಕ್ ಸುಮಾರು 10,600 ಪೌಂಡ್-ಇಂಚು, ಒತ್ತಡ 96,000 ಪಿಎಸ್‌ಐ.

ಎರಡು ಬಾರ್‌ಗಳನ್ನೂ ಒಂದೇ ಟ್ಯೂಬಿನಲ್ಲಿ ಅರ್ಧರ್ಧ ಉದ್ದಕ್ಕೆ ಮುಖಾಮುಖಿ ಇಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. 13 ಇಂಚಿನ ಬಾರ್‌ನಿಂದ ಇದೇ ಬಿಗಿತ ತೆಗೆಯಹೊರಟರೆ ಒತ್ತಡ 1,66,000 ಪಿಎಸ್‌ಐ. ಆಗುವುದಿಲ್ಲ.

ಎಲ್ಲಿ ಕೂರಿಸಬೇಕು

ಎಡ ಚಕ್ರದ ಬಾರ್ ಎಡಗಡೆಯ ಆರ್ಮ್‌ನಲ್ಲಿ ಹೊರಟು ಅಡ್ಡಲಾಗಿ ಹೋಗಿ ಬಲ ರೈಲ್‌ನಲ್ಲಿ ಬಿಗಿದುಕೊಳ್ಳುತ್ತದೆ, ಬಲ ಚಕ್ರದ್ದು ಎಡ ರೈಲ್‌ನಲ್ಲಿ. ಅಂದರೆ ಎರಡು ಅಡ್ಡ ಟ್ಯೂಬ್. ಇವನ್ನು ಒಂದರ ಹಿಂದೆ ಒಂದು ಇಡಬೇಡಿ. ಎರಡೂವರೆ ಇಂಚು ಹಿಂದೆ ಮುಂದೆ ಆದರೆ ಒಂದು ಆರ್ಮ್ 14 ಇಂಚು, ಇನ್ನೊಂದು 11½ ಇಂಚು ಆಗುತ್ತದೆ. ಒಂದೇ ದಪ್ಪದ ಬಾರ್ ಹಾಕಿದರೂ ಒಂದು ಬದಿ ಶೇ. 48 ಹೆಚ್ಚು ಬಿಗಿ. ಒಂದರ ಮೇಲೆ ಒಂದು ಇಡಿ, ನಡುವಿಂದ ನಡುವಿಗೆ 2½ ಇಂಚು. ಆಗ ಆರ್ಮ್ ಎರಡೂ ಸಮ, ಲಿಂಕ್‌ಗಳಲ್ಲಿ ಮಾತ್ರ ಒಂದು 3 ಇಂಚು, ಇನ್ನೊಂದು 5½ ಇಂಚು. ಅದರಿಂದ ತೊಂದರೆಯಿಲ್ಲ.

ಸ್ಪ್ರಿಂಟ್ ಕಾರಿನಲ್ಲಿ ಮುಂದಿನ ಬಾರ್‌ಗಳು ಆಕ್ಸಲ್‌ಗಿಂತ ಮುಂದಿರುತ್ತವೆ. ಹಾಟ್ ರಾಡ್‌ನಲ್ಲಿ ಆಕ್ಸಲ್‌ಗಿಂತ ಹಿಂದಿಡುವುದು ಒಳ್ಳೆಯದು. ಒಂದು, 14 ಇಂಚು ಮುಂದಕ್ಕೆ ಟ್ಯೂಬ್ ಚಾಚಿದರೆ ಕಾರಿನ ಮೂತಿ ಕೆಡುತ್ತದೆ. ಎರಡು, ಚಲನೆ ಹೊಂದುತ್ತದೆ. ಆಕ್ಸಲ್ 3 ಇಂಚು ಮೇಲೆದ್ದಾಗ 14 ಇಂಚಿನ ಆರ್ಮ್‌ನ ತುದಿ 0.33 ಇಂಚು ಹಿಂದೆ ಸರಿಯುತ್ತದೆ. ಹಿಂದಿನಿಂದ ಬಂದು ಆಕ್ಸಲ್ ಹಿಡಿಯುವ 24 ಇಂಚಿನ ರಾಡ್‌ಗಳ ಮೇಲೆ ಆಕ್ಸಲ್ 0.19 ಇಂಚು ಹಿಂದೆ ಸರಿಯುತ್ತದೆ. ಅಂತರ 0.14 ಇಂಚು, ಲಿಂಕ್ ಅದನ್ನು ಗಮನಿಸುವುದೂ ಇಲ್ಲ. ಬಾರ್ ಮುಂದಿದ್ದರೆ ಇವೆರಡೂ ಎದುರು ದಿಕ್ಕಿಗೆ ಸರಿದು ಅಂತರ ಅರ್ಧ ಇಂಚಾಗುತ್ತದೆ.

ಹಿಂದಿಡುವಾಗ ಅಡ್ಡ ಬರುವುದು ಎಂಜಿನ್ನಿನ ಆಯಿಲ್ ಪ್ಯಾನ್. ಸಣ್ಣ ಷೆವಿ ವಿ8ನ ಮಾಮೂಲಿ ಪ್ಯಾನ್‌ನಲ್ಲಿ ಆಯಿಲ್ ನಿಲ್ಲುವ ಗುಂಡಿ ಹಿಂದಿದೆ, ಮುಂದೆ ಜಾಗ ಸಿಗುತ್ತದೆ. ಫೋರ್ಡ್ 302ರ ಮಾಮೂಲಿ ಪ್ಯಾನ್‌ನಲ್ಲಿ ಗುಂಡಿ ಮುಂದಿದೆ, ಹಾಗಾಗಿ ಪ್ಯಾನ್ ಬದಲಿಸಬೇಕಾಗುತ್ತದೆ. ಆದ್ದರಿಂದ ಎಂಜಿನ್, ರೇಡಿಯೇಟರ್, ಸ್ಟೀರಿಂಗ್ ಬಾಕ್ಸ್, ಎಕ್ಸಾಸ್ಟ್ ಎಲ್ಲವನ್ನೂ ಜಾಗದಲ್ಲಿಟ್ಟು, ಪಿವಿಸಿ ಪೈಪಿನ ಎರಡು ತುಂಡನ್ನು ಟ್ಯೂಬ್ ಎಂದುಕೊಂಡು ಕಟ್ಟಿ ನೋಡಿದ ಮೇಲೆಯೇ ರೈಲ್‌ಗೆ ತೂತು ಕೊರೆಯಿರಿ.

ಕಾರು ತನ್ನ ಎತ್ತರದಲ್ಲಿ ನಿಂತಾಗ ಆರ್ಮ್‌ಗಳು ನೆಲಕ್ಕೆ ಸಮಾನಾಂತರ, ಲಿಂಕ್‌ಗಳು ನೆಟ್ಟಗೆ ಇರಬೇಕು. ಲಿಂಕ್ ಹಿಡಿಯುವ ಬ್ರಾಕೆಟ್‌ಗಳನ್ನು ಆಕ್ಸಲ್ ಮೇಲೆ ಆದಷ್ಟು ಹೊರಗಡೆ ಕೂರಿಸಿ. ಟೈರ್‌ಗಳ ನಡುವೆ 56 ಇಂಚಿದ್ದು ಲಿಂಕ್‌ಗಳ ನಡುವೆ 40 ಇದ್ದರೆ ತಿರುವಿನಲ್ಲಿ ಬಾಡಿ ವಾಲುವುದನ್ನು ತಡೆಯುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಆರ್ಮ್‌ಗೆ ತಾಗದಷ್ಟು ಹೊರಗೆ, ಅದೇ ಮಿತಿ.

ಟ್ಯೂಬ್ ಮತ್ತು ವೆಲ್ಡಿಂಗ್

ಬೇಕಾದ ಸಾಮಾನು: 0.825 ಇಂಚಿನ ಬಾರ್ ಎರಡು, ಎಡದ್ದೊಂದು ಬಲದ್ದೊಂದು. ಉಕ್ಕಿನ ಆರ್ಮ್ ಎರಡು. ಅಲ್ಯೂಮಿನಿಯಂ ಆರ್ಮ್ ರೇಸಿಗೆ ಸರಿ, ವರ್ಷಗಟ್ಟಲೆ ರಸ್ತೆಯ ಗುಂಡಿಗೆ ಬೀಳುವ ಕಾರಿಗೆ ಬೇಡ. 5 ಇಂಚಿನ ಆ್ಯಂಕರ್ ಆರ್ಮ್ ಎರಡು; ಬಾರ್‌ನ ಬಿಗಿದ ತುದಿಯನ್ನು ಹಿಡಿಯುವುದು ಇದು, ಇದನ್ನು ಒತ್ತುವ ಬೋಲ್ಟ್‌ನಿಂದಲೇ ಎತ್ತರ ಹೊಂದಿಸುವುದು. 2 ಇಂಚು ಹೊರವ್ಯಾಸ, 0.120 ಇಂಚು ದಪ್ಪದ ಡಿಒಎಂ (ಒಳಗೆ ಅಚ್ಚು ಇಟ್ಟು ಎಳೆದು ನಿಖರ ಅಳತೆಗೆ ತಂದ) ಟ್ಯೂಬ್. ಕಂಚಿನ ಬುಷ್ ನಾಲ್ಕು. ½ ಇಂಚು, ಇಂಚಿಗೆ 20 ಎಳೆಯ ಗ್ರೇಡ್ 8 ಬೋಲ್ಟ್ ಎರಡು, ಲಾಕ್ ನಟ್ ಸಮೇತ. 3/16 ಮತ್ತು ¼ ಇಂಚಿನ ಪ್ಲೇಟ್. ಎರಡೂ ತುದಿಗೆ ರಾಡ್ ಎಂಡ್ ಇರುವ ಲಿಂಕ್ ಎರಡು.

ಆರ್ಮ್‌ಗೆ ತನ್ನದೇ ಹಬ್ ಇರಬೇಕು, ಆ ಹಬ್ ಟ್ಯೂಬ್‌ನೊಳಗಿನ ಬುಷ್‌ನಲ್ಲಿ ಕೂತು ತಿರುಗಬೇಕು. ಹಬ್‌ನ ಹೊರವ್ಯಾಸ 1½ ಇಂಚಿದ್ದರೆ ⅛ ಇಂಚು ದಪ್ಪದ ಬುಷ್ ಈ ಟ್ಯೂಬ್‌ಗೆ ಹೊಂದುತ್ತದೆ. ಬುಷ್‌ನ ಉದ್ದ 3 ಇಂಚಿಗೆ ಕಡಿಮೆ ಬೇಡ. ಆರ್ಮ್ ತುದಿಯಲ್ಲಿ ಪೂರ್ತಿ ಅದುಮಿದಾಗ 750 ಪೌಂಡ್‌ಗೂ ಮಿಕ್ಕಿ ಭಾರ ಬೀಳುತ್ತದೆ. ಬುಷ್ ಇಲ್ಲದೆ ಆರ್ಮನ್ನು ಬರಿಯ ಸ್ಪ್ಲೈನ್ ಮೇಲೆ ನೇತುಹಾಕಿದರೆ ಆ ಭಾರವೆಲ್ಲ ಬಾರನ್ನು ಬಾಗಿಸಲು ನಿಲ್ಲುತ್ತದೆ, ಸ್ಪ್ಲೈನ್ ಮುಗಿಯುವ ಬುಡದಲ್ಲೇ ಬಾರ್ ಕತ್ತರಿಸಿಕೊಳ್ಳುತ್ತದೆ. ಮನೆಯಲ್ಲಿ ಮಾಡಿದ ಕೆಲಸಗಳಲ್ಲಿ ಬಾರ್ ಮುರಿಯಲು ಇದು ದೊಡ್ಡ ಕಾರಣ.

ಬಾಕ್ಸ್ ಮಾಡಿದ ರೈಲ್‌ನ ಎರಡು ಗೋಡೆಗೂ 2 ಇಂಚಿನ ತೂತು, ಒಳಗೂ ಹೊರಗೂ 3/16 ಇಂಚಿನ ಪ್ಲೇಟ್, ಮೂಲೆಗಳು ದುಂಡಗಿರಲಿ. ಚಾಸಿಯನ್ನು ಸ್ಟ್ಯಾಂಡ್‌ಗಳ ಮೇಲೆ ರಸಮಟ್ಟಕ್ಕೆ ತಂದು ಭದ್ರ ಮಾಡಿದ ಮೇಲೆ ಟ್ಯೂಬ್ ತೂರಿಸಿ. ಅದು ಚಾಸಿಯ ನಡುಗೆರೆಗೆ ಲಂಬವಾಗಿದೆಯೇ ಎಂದು ಎರಡೂ ತುದಿಯಿಂದ ಹಿಂದಿನ ಆಕ್ಸಲ್‌ವರೆಗೆ ಕರ್ಣ ಅಳೆದು ನೋಡಿ.

ವೆಲ್ಡ್ ಮಾಡುವಾಗ ಟ್ಯೂಬ್‌ನೊಳಗೆ ಟಾರ್ಷನ್ ಬಾರ್ ಇರಲೇಬಾರದು. ಅದರ ಬದಲು ಹಬ್‌ನ ಅಳತೆಗೇ ತಿರುವಿದ 1½ ಇಂಚಿನ ಉಕ್ಕಿನ ಸರಳನ್ನು ಎರಡೂ ಬುಷ್‌ಗಳ ಮೂಲಕ ತೂರಿಸಿಡಿ. ಮೊದಲು ನಾಲ್ಕು ಕಡೆ ಟ್ಯಾಕ್. ಸರಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಆಮೇಲೆ ಒಂದು ಸಲಕ್ಕೆ ಒಂದಿಂಚಿಗಿಂತ ಹೆಚ್ಚಿಲ್ಲದಂತೆ, ಎದುರು ಬದುರು ಬದಿಗಳಲ್ಲಿ ವೆಲ್ಡ್ ಮಾಡುತ್ತ, ನಡುನಡುವೆ ಸರಳನ್ನು ತಿರುಗಿಸುತ್ತ ಹೋಗಿ. ಬಿಗಿಯಾಗತೊಡಗಿದರೆ ಟ್ಯೂಬ್ ಬಾಗುತ್ತಿದೆ ಎಂದರ್ಥ. ನಿಲ್ಲಿಸಿ, ತಣ್ಣಗಾಗಲು ಬಿಡಿ, ಎದುರು ಬದಿಯಿಂದ ಎಳೆಯಿರಿ. ಎಲ್ಲ ಮುಗಿದ ಮೇಲೆ ಸರಳು ಎರಡು ಬೆರಳಿನಲ್ಲಿ ತಿರುಗಬೇಕು. ತಿರುಗದಿದ್ದರೆ ಬುಷ್‌ಗಳನ್ನು ಒಟ್ಟಿಗೆ ರೀಮ್ ಮಾಡಿ 0.003ರಿಂದ 0.005 ಇಂಚು ಸಡಿಲ ಬಿಡಿ. ಪ್ರತಿ ಬುಷ್‌ಗೂ ಗ್ರೀಸ್ ನಿಪ್ಪಲ್ ಹಾಕಿ.

ಆ್ಯಂಕರ್ ಬೋಲ್ಟ್ ಒತ್ತುವ ಬ್ರಾಕೆಟ್ ¼ ಇಂಚಿನ ಪ್ಲೇಟಿನದು, ಎರಡು ಬದಿಗೂ ಆಸರೆ ಪಟ್ಟಿ. ಕಾರು ನಿಂತಿದ್ದಾಗಲೇ ಅಲ್ಲಿ 1,290 ಪೌಂಡ್ ಒತ್ತುತ್ತದೆ, ಗುಂಡಿಗೆ ಬಿದ್ದಾಗ 2,100. ಬೋಲ್ಟ್‌ನ ತುದಿ ದುಂಡಗಿರಲಿ, ಓಡಾಟ 2 ಇಂಚು ಇರಲಿ.

ಆಕ್ಸಲ್ ಹಿಡಿಯುವ ರಾಡ್‌ಗಳು

ಬಾರ್ ಭಾರ ಹೊರುತ್ತದೆ, ಆಕ್ಸಲನ್ನು ಜಾಗದಲ್ಲಿ ನಿಲ್ಲಿಸುವುದಿಲ್ಲ. ಮುಂದೆ ಹಿಂದೆ ಸರಿಯದಂತೆ ಫೋರ್ ಬಾರ್ (ಬದಿಗೆ ಎರಡರಂತೆ ನಾಲ್ಕು ಸಮಾನಾಂತರ ರಾಡ್) ಅಥವಾ ಹೇರ್‌ಪಿನ್ (ಬದಿಗೊಂದು ವಿ ಆಕಾರದ ರಾಡ್) ಬೇಕು. ಟ್ಯೂಬ್ ಆಕ್ಸಲ್ ಆದರೆ ಫೋರ್ ಬಾರ್ ಮಾತ್ರ: ಒಂದು ಚಕ್ರ ಎದ್ದಾಗ ಹೇರ್‌ಪಿನ್ ಆಕ್ಸಲನ್ನೇ ತಿರುಚಲು ನೋಡುತ್ತದೆ, ಐ-ಬೀಮ್ ಆಕ್ಸಲ್ ಅಷ್ಟಕ್ಕೆ ಬಗ್ಗುತ್ತದೆ, ಟ್ಯೂಬ್ ಬಗ್ಗುವುದಿಲ್ಲ, ಬ್ರಾಕೆಟ್ ಬಿರಿಯುತ್ತದೆ. ಪಕ್ಕಕ್ಕೆ ಸರಿಯದಂತೆ ಪ್ಯಾನ್‌ಹಾರ್ಡ್ ಬಾರ್ (ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ ಕೂಡುವ ಅಡ್ಡ ರಾಡ್) ಕಡ್ಡಾಯ. ಹಳೆಯ ಅಡ್ಡ ಲೀಫ್ ಸ್ಪ್ರಿಂಗ್ ಈ ಕೆಲಸವನ್ನೂ ಒಂದಿಷ್ಟು ಮಾಡುತ್ತಿತ್ತು, ಅದನ್ನು ತೆಗೆದ ಮೇಲೆ ಮಾಡುವವರಿಲ್ಲ. ಅಡ್ಡ ಸ್ಟೀರಿಂಗ್ ಇದ್ದರೆ ಪ್ಯಾನ್‌ಹಾರ್ಡ್ ಬಾರ್ ಡ್ರ್ಯಾಗ್ ಲಿಂಕ್‌ಗೆ (ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ರಾಡ್) ಸಮಾನಾಂತರವಾಗಿ, ಹೆಚ್ಚುಕಡಿಮೆ ಅದರಷ್ಟೇ ಉದ್ದವಾಗಿರಲಿ. ಇಲ್ಲದಿದ್ದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನೇ ತಿರುಗುತ್ತದೆ.

ಮೇಲಕ್ಕೆ 3 ಇಂಚಿನ ಮಿತಿಗೆ ರಬ್ಬರ್ ಸ್ಟಾಪ್ ಹಾಕಿ. ಅದು 2¼ ಇಂಚಿಗೇ ತಾಗಲು ಶುರುವಾಗಲಿ. ಕೆಳಕ್ಕೆ 2¼ ಇಂಚಿಗೆ ಪಟ್ಟಿ ಕಟ್ಟಿ. ಬಾರ್‌ನ ತಿರುಚು ಪೂರ್ತಿ ಬಿಟ್ಟುಹೋಗುವುದು 4.66 ಇಂಚಿಗೆ, ಅಲ್ಲಿಗೆ ಎಂದೂ ತಲುಪಬಾರದು. ತಲುಪಿದರೆ ಸ್ಪ್ಲೈನ್‌ಗಳು ಸಡಿಲವಾಗಿ ಕಟಕಟ ಬಡಿದುಕೊಳ್ಳುತ್ತವೆ, ದಿಕ್ಕು ಕೊಟ್ಟು ತಯಾರಿಸಿದ ಬಾರ್ ಉಲ್ಟಾ ತಿರುಚಿಕೊಳ್ಳುವ ಅಪಾಯವೂ ಇದೆ.

ಜೋಡಣೆ

ಚಾಸಿ ತನ್ನ ಎತ್ತರಕ್ಕೆ ಸ್ಟ್ಯಾಂಡ್ ಮೇಲಿರಲಿ, ಲಿಂಕ್ ಬಿಚ್ಚಿರಲಿ. ಸ್ಪ್ಲೈನ್‌ಗಳಿಗೆ ಮಾಲಿ (ಮಾಲಿಬ್ಡಿನಂ ಬೆರೆತ) ಗ್ರೀಸ್ ಹಚ್ಚಿ, ಬಾರ್‌ನ ನುಣುಪು ಭಾಗಕ್ಕೆ ತೆಳ್ಳಗೆ ಗ್ರೀಸ್ ಒರೆಸಿ. ಬಾರನ್ನು ಕೈಯಲ್ಲೇ ತೂರಿಸಿ, ಸುತ್ತಿಗೆ ಬೇಡ.

ಇನ್ನು ಕೋನ. ಕಾರಿನ ಭಾರಕ್ಕೆ ನಮ್ಮ ಬಾರ್ 19 ಡಿಗ್ರಿ ತಿರುಚಿಕೊಳ್ಳುತ್ತದೆ. ಹಾಗಾಗಿ ಭಾರವಿಲ್ಲದಾಗ ಆರ್ಮ್ ನೆಲದ ಸಮಕ್ಕಿಂತ 19 ಡಿಗ್ರಿ ಕೆಳಕ್ಕೆ ತೋರಬೇಕು, ಅಂದರೆ ಅದರ ತುದಿ 4½ ಇಂಚಿಗಿಂತ ಸ್ವಲ್ಪ ಹೆಚ್ಚು ಕೆಳಗಿರಬೇಕು. ಆ್ಯಂಕರ್ ಬೋಲ್ಟ್ ತನ್ನ ಓಡಾಟದ ನಡುವಿನಲ್ಲಿರುವಾಗ ಈ ಸ್ಥಿತಿ ಬರುವಂತೆ ಸ್ಪ್ಲೈನ್ ಕೂಡಿಸಿ. 48 ಹಲ್ಲಿನ ಸ್ಪ್ಲೈನ್‌ನಲ್ಲಿ ಒಂದು ಹಲ್ಲು ಎಂದರೆ 7½ ಡಿಗ್ರಿ, ಆರ್ಮ್ ತುದಿಯಲ್ಲಿ 1.8 ಇಂಚು. ಸರಿಯಾಗಿ 19ಕ್ಕೆ ಬರುವುದಿಲ್ಲ. ಹತ್ತಿರದ ಹಲ್ಲಿಗೆ ಕೂಡಿಸಿ, ಉಳಿದದ್ದನ್ನು ಬೋಲ್ಟ್ ನೋಡಿಕೊಳ್ಳುತ್ತದೆ. ಬೀಟಲ್‌ನ ಹಿಂದಿನ ಬಾರ್‌ನಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ. ಒಳತುದಿಗೆ 40 ಹಲ್ಲು, ಹೊರತುದಿಗೆ 44. ಒಂದನ್ನು ಒಂದು ಹಲ್ಲು ಮುಂದೆ, ಇನ್ನೊಂದನ್ನು ಒಂದು ಹಲ್ಲು ಹಿಂದೆ ಮಾಡಿದರೆ ಒಂದು ಡಿಗ್ರಿಗೂ ಕಡಿಮೆ ಬದಲಾವಣೆ ಸಿಗುತ್ತದೆ, ಬೋಲ್ಟೇ ಬೇಡ. ನಮ್ಮ ಬಾರ್‌ನಲ್ಲಿ ಎರಡೂ ತುದಿ ಒಂದೇ ಆದ್ದರಿಂದ ಆ ಸೌಲಭ್ಯವಿಲ್ಲ.

ಈಗ ಬೋಲ್ಟನ್ನು ಪೂರ್ತಿ ಹಿಂದಕ್ಕೆ ಬಿಚ್ಚಿ. ಆರ್ಮ್ ಮೇಲಕ್ಕೇಳುತ್ತದೆ, ಆಕ್ಸಲ್ ಕೆಳಗಿನ ಮಿತಿಯ ಪಟ್ಟಿಗೆ ಜೋತಿದ್ದರೆ ಲಿಂಕ್ ಯಾವ ಬಲವೂ ಇಲ್ಲದೆ ಕೂಡುತ್ತದೆ. ಲಿಂಕ್ ಬಿಗಿದು, ಆರ್ಮ್‌ನ ಪಿಂಚ್ ಬೋಲ್ಟ್ ಬಿಗಿದು, ಬಾರ್ ಪಕ್ಕಕ್ಕೆ ಜಾರಿ ಬರದಂತೆ ಎರಡು ತುದಿಗೂ ಮುಚ್ಚಳ ಹಾಕಿ. ಮುಚ್ಚಳ ಅಲಂಕಾರಕ್ಕಲ್ಲ, ಮುರಿದ ಬಾರ್‌ನ ತುಂಡು ಸಿಡಿದು ಹೊರಬರುವುದನ್ನು ತಡೆಯುವುದು ಅದೇ. ಸ್ಪ್ಲೈನ್ ಪೂರ್ತಿ ಉದ್ದಕ್ಕೂ ಒಳಗಿದೆಯೇ ಎಂದು ನೋಡಿಕೊಳ್ಳಿ, ಅರ್ಧ ಕೂತ ಸ್ಪ್ಲೈನ್ ಹಲ್ಲು ಸವೆಸಿಕೊಳ್ಳುತ್ತದೆ. ಆಮೇಲೆ ಬೋಲ್ಟನ್ನು ಹಿಂದಿನ ಜಾಗಕ್ಕೆ ಬಿಗಿಯುತ್ತ ಬನ್ನಿ. ಭಾರ ಬಿದ್ದ ಆರ್ಮ್‌ನ ಎದುರು ಮುಖವಿಟ್ಟು ಕೂರಬೇಡಿ. ಬಿಚ್ಚುವಾಗಲೂ ಮೊದಲು ಬೋಲ್ಟ್ ಹಿಂದಕ್ಕೆ, ಆಮೇಲೆ ಲಿಂಕ್. ಈ ಅನುಕ್ರಮ ತಪ್ಪಿದರೆ ಆರ್ಮ್ ಕೈ ಮುರಿಯುವ ಬಲದಲ್ಲಿ ಒದೆಯುತ್ತದೆ.

ಕಾರನ್ನು ನೆಲಕ್ಕಿಳಿಸಿ, ಮುಂಭಾಗ ನಾಲ್ಕೈದು ಸಲ ಅದುಮಿ, ಹತ್ತಡಿ ಉರುಳಿಸಿ, ಚಾಲಕನನ್ನು ಕೂರಿಸಿ ಎತ್ತರ ಅಳೆಯಿರಿ. ಬೋಲ್ಟ್‌ನ ಒಂದು ಸುತ್ತಿಗೆ ಆಕ್ಸಲ್ ಮೇಲೆ 0.14 ಇಂಚು, ಏಳು ಸುತ್ತಿಗೆ ಒಂದಿಂಚು. ತಿರುಗಿಸುವ ಮುನ್ನ ಜಾಕ್ ಎತ್ತಿ ಭಾರ ತೆಗೆಯಿರಿ, ಇಲ್ಲದಿದ್ದರೆ ಎಳೆ ಕಿತ್ತುಬರುತ್ತದೆ.

ಬೋಲ್ಟ್ ಬಿಗಿದರೆ ಸಸ್ಪೆನ್ಷನ್ ಬಿಗಿಯಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಎಲ್ಲೆಡೆ ಇದೆ. ಆಗುವುದಿಲ್ಲ. ಬೋಲ್ಟ್ ಬದಲಿಸುವುದು ಎತ್ತರವನ್ನು ಮಾತ್ರ. ಇಂಚಿಗೆ 99 ಪೌಂಡ್ ಎಂಬುದು ಬಾರ್‌ನ ದಪ್ಪ, ಉದ್ದ, ಆರ್ಮ್ ಇವುಗಳಿಂದ ಬಂದದ್ದು. ಎತ್ತರಿಸಿದ ಕಾರು ಗಟ್ಟಿ ಎನಿಸಿದರೆ ಕಾರಣ ಕೆಳಕ್ಕೆ ಹೋಗುವ ಅವಕಾಶ ಕಡಿಮೆಯಾಗಿ ಪಟ್ಟಿ ಪದೇ ಪದೇ ಎಳೆಯುತ್ತಿರುವುದು.

ಎರಡೂ ಬದಿ ಎತ್ತರ ಸಮ ಮಾಡಿದ ಮೇಲೆ ನಾಲ್ಕು ಚಕ್ರದ ಕೆಳಗೂ ತಕ್ಕಡಿ ಇಟ್ಟು ನೋಡಲು ಸಾಧ್ಯವಾದರೆ ನೋಡಿ. ಒಂದು ಬೋಲ್ಟ್ ಅತಿಯಾಗಿ ಬಿಗಿದಿದ್ದರೆ ಆ ಮೂಲೆಯೂ ಅದರ ಕರ್ಣದ ಹಿಂದಿನ ಮೂಲೆಯೂ ಭಾರ ಹೊರುತ್ತವೆ, ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಮುಂದಿನ ಎಡ-ಬಲ ಅಂತರ 20 ಪೌಂಡ್‌ನೊಳಗೆ ತನ್ನಿ. ಕೊನೆಗೆ ಕ್ಯಾಸ್ಟರ್ (ಸ್ಟೀರಿಂಗ್‌ಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ), ನೇರ ಆಕ್ಸಲ್‌ಗೆ 5ರಿಂದ 7 ಡಿಗ್ರಿ.

ಶಾಕ್ ಅಬ್ಸಾರ್ಬರ್

ಲೀಫ್ ಸ್ಪ್ರಿಂಗ್‌ನ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಣಿತವನ್ನು ತಾವೇ ತಡೆಯುತ್ತವೆ. ಟಾರ್ಷನ್ ಬಾರ್‌ನಲ್ಲಿ ಉಜ್ಜಾಟವೇ ಇಲ್ಲ, ಆದ್ದರಿಂದ ಹಳೇ ಶಾಕ್ ಸಾಕೆನ್ನಬೇಡಿ. ಈ ಕಾರಿಗೆ ಸೆಕೆಂಡಿಗೆ 10 ಇಂಚು ವೇಗದಲ್ಲಿ ಸರಾಸರಿ 65 ಪೌಂಡ್ ತಡೆ ಬೇಕು; ಹಿಗ್ಗುವಾಗ 85ರ ಸುಮಾರು, ಕುಗ್ಗುವಾಗ 45ರ ಸುಮಾರು. ಶಾಕನ್ನು ನೆಟ್ಟಗೆ ನಿಲ್ಲಿಸಿ. 30 ಡಿಗ್ರಿ ವಾಲಿಸಿದರೆ ಅದರ ಕೆಲಸದಲ್ಲಿ ಕಾಲುಭಾಗ ನಷ್ಟ. 20 ಡಿಗ್ರಿ ದಾಟಿಸಬೇಡಿ.

ಕೆಟ್ಟಾಗ

ಮೊದಲ ನೂರು ಮೈಲಿಯಲ್ಲಿ ಕಾರು ಕಾಲಿಂಚು ಕುಸಿದರೆ ಗಾಬರಿ ಬೇಡ, ಹೊಸ ಬಾರ್ ಮತ್ತು ಸ್ಪ್ಲೈನ್ ಕೂತುಕೊಳ್ಳುತ್ತವೆ. ಎರಡು ಸುತ್ತು ಬಿಗಿಯಿರಿ. ಆಮೇಲೂ ಕುಸಿಯುತ್ತಲೇ ಹೋದರೆ ಒತ್ತಡದ ಲೆಕ್ಕ ತಪ್ಪಿದೆ ಅಥವಾ ಎಡ-ಬಲದ ಬಾರ್ ಅದಲುಬದಲಾಗಿದೆ. ಬಿಗಿಯುತ್ತ ಹೋಗಬೇಡಿ, ಬಿಚ್ಚಿ ಗುರುತು ನೋಡಿ.

ಒಂದೇ ಬದಿ ಗಡಸಾಗಿ ಕುಣಿದರೆ ಆ ಬದಿಯ ಬೋಲ್ಟ್ ಹಿಂದಕ್ಕೆ ತೆಗೆದು, ಲಿಂಕ್ ಬಿಚ್ಚಿ, ಬಾರ್ ಎಳೆದು, ಆರ್ಮನ್ನು ಬರಿಗೈಯಲ್ಲಿ ತಿರುಗಿಸಿ. ಬುಷ್ ಹಿಡಿದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೀರಲು ಸದ್ದು ಗ್ರೀಸ್ ಒಣಗಿದ್ದಕ್ಕೆ, ಗುಂಡಿ ದಾಟುವಾಗ ಒಂದೇ ಒಂದು ಟಕ್ ಎಂಬ ಸದ್ದು ಸ್ಪ್ಲೈನ್ ಸಡಿಲಕ್ಕೆ. ಬಾರ್‌ನ ಮೇಲಿನ ಬಣ್ಣ ಎದ್ದಿದ್ದರೆ ಹೊರತೆಗೆದು ಒರೆಸಿ ಮತ್ತೆ ಬಳಿಯಿರಿ. ಟ್ಯೂಬ್‌ನ ಕೆಳಭಾಗಕ್ಕೆ ಒಂದು ಸಣ್ಣ ತೂತು ಕೊರೆದಿಟ್ಟರೆ ನೀರು ಒಳಗೆ ನಿಲ್ಲುವುದಿಲ್ಲ.

ಬಾರ್ ಮುರಿದರೆ ಆ ಮೂಲೆ ರಬ್ಬರ್ ಸ್ಟಾಪ್ ಮೇಲೆ ಕೂರುತ್ತದೆ. ಆಗ ಏನಾಗುತ್ತದೆಂದು ರಸ್ತೆಗಿಳಿಯುವ ಮೊದಲೇ ನೋಡಿಕೊಳ್ಳಿ. ಬೋಲ್ಟ್‌ಗಳನ್ನು ಹಿಂದಕ್ಕೆ ತೆಗೆದು, ಎರಡೂ ಲಿಂಕ್ ಬಿಚ್ಚಿ ಕಾರನ್ನು ಸ್ಟಾಪ್ ಮೇಲೆ ಇಳಿಸಿ, ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ. ಟೈರ್ ಎಲ್ಲೂ ತಾಗಬಾರದು, ಡ್ರ್ಯಾಗ್ ಲಿಂಕ್ ಟ್ಯೂಬ್‌ಗೆ ಬಡಿಯಬಾರದು, ಆಯಿಲ್ ಪ್ಯಾನ್ ಮತ್ತು ಆಕ್ಸಲ್ ನಡುವೆ ಬೆರಳು ತೂರುವಷ್ಟು ಜಾಗ ಉಳಿದಿರಬೇಕು. ಎಲ್ಲಾದರೂ ತಾಗಿದರೆ ಸ್ಟಾಪ್ ಎತ್ತರಿಸಿ, ಮೇಲಿನ ಓಡಾಟ 3 ಇಂಚಿಗೆ ಬದಲು 2½ ಆದರೂ ಸರಿ.